ರೆಸಿನ್ ಮಾರುತ್‌ಗೆ ಯಾವ ಸೂಪರ್ ಗ್ಲೂ? ಚಕ್ರದ ಕಾಲು ಎರಡು ಸಲ ಕಳಚಿ ಬಂತು

ಮಾರುತ್_ಮೈಸೂರು

ನಮಸ್ಕಾರ ಎಲ್ಲರಿಗೂ. ಆರೇಳು ವರ್ಷದಿಂದ ಪ್ಲಾಸ್ಟಿಕ್ ಕಿಟ್ ಕಟ್ಟುತ್ತಿದ್ದೇನೆ. ರೆಸಿನ್‌ಗೆ, ಅಂದ್ರೆ ಅಚ್ಚಿನಲ್ಲಿ ಎರೆದ ಗಟ್ಟಿ ರಾಳದ ಕಿಟ್‌ಗೆ, ಕೈ ಹಾಕಿದ್ದು ಇದೇ ಮೊದಲು. 1/72 ಅಳತೆಯ ಎಚ್‌ಎಫ್‌-24 ಮಾರುತ್, ಎಚ್‌ಎಎಲ್ ಕಟ್ಟಿದ ಯುದ್ಧವಿಮಾನ. ನಿಜವಾದ ವಿಮಾನ 15.87 ಮೀಟರ್ ಉದ್ದ, ನನ್ನ ಮೇಜಿನ ಮೇಲಿರುವುದು 22 ಸೆಂಟಿಮೀಟರ್. ನಮ್ಮಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಕೈಯಿಟ್ಟಿದ್ದು ಇದೇ ವಿಮಾನದ ಮೇಲೆ. ಈಗ ಅವರಿಗೆ 78 ವರ್ಷ. ಅವರ ಕೈಗೆ ಕೊಡಬೇಕು ಅಂತಲೇ ಇದನ್ನು ಶುರು ಮಾಡಿದ್ದು. ಹಾಗಾಗಿ ಅರ್ಧಂಬರ್ಧ ಮುಗಿಸೋಕೆ ಮನಸ್ಸಿಲ್ಲ.

ತೊಂದರೆ ಪೂರ್ತಿ ಅಂಟಿನದ್ದೇ. ಚಕ್ರದ ಕಾಲುಗಳು ಬಿಳಿ ಲೋಹದವು. ಎಡಗಡೆಯ ಕಾಲನ್ನು ಫೆವಿಕ್ವಿಕ್ ಹಾಕಿ ನಿಲ್ಲಿಸಿದೆ, ಮರುದಿನ ಎತ್ತಿದಾಗ ಕಳಚಿ ಬಂತು. ಎರಡನೇ ಸಲ ಜಾಸ್ತಿ ಹಾಕಿದೆ, ಅದೂ ನಿಲ್ಲಲಿಲ್ಲ. ಆಮೇಲೆ ಆನ್‌ಲೈನ್‌ನಲ್ಲಿ ಒಂದು ದುಬಾರಿ ಬಾಟಲಿ ತರಿಸಿದೆ, 20 ಗ್ರಾಂನದು. ಅದು ಬಂದಾಗಲೇ ಜೇನುತುಪ್ಪದ ಹಾಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಅರ್ಧ ಗಂಟೆಯಾದರೂ ಹಿಡಿಯಲಿಲ್ಲ. ಕಾಕ್‌ಪಿಟ್‌ನ ಹಿತ್ತಾಳೆ ಹಾಳೆಯ ಡಯಲ್ ಫಲಕವನ್ನು ಫೆವಿಕ್ವಿಕ್‌ನಲ್ಲಿ ಅಂಟಿಸುವಾಗ ಅದು ಮೇಲಕ್ಕೆ ಹತ್ತಿ ಮೂರು ಡಯಲ್ ಮುಚ್ಚಿಹೋದವು. ಇನ್ನು ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ ಬಾಕಿ ಇದೆ. ಹಿಂದೊಮ್ಮೆ ಮಿಗ್-21 ಕಟ್ಟಿದಾಗ ಮುಚ್ಚಳದ ಒಳಗೆಲ್ಲ ಮಂಜು ಕವಿದ ಹಾಗೆ ಬೆಳ್ಳಗಾಗಿತ್ತು. ಆ ಭಯಕ್ಕೆ ಇದನ್ನು ಮುಟ್ಟಿಯೇ ಇಲ್ಲ.

ಯಾವ ಕಂಪನಿಯದು ತಗೊಳ್ಳಲಿ? ದಯವಿಟ್ಟು ಅನುಭವ ಇರುವವರು ಹೇಳಿ.

ಐದ್ರೂಪಾಯಿ_ಟ್ಯೂಬ್

ಹದಿನೈದು ವರ್ಷದಿಂದ ಪೆಟ್ಟಿಗೆ ಅಂಗಡಿಯ ಐದು ರೂಪಾಯಿ ಫೆವಿಕ್ವಿಕ್ ಬಿಟ್ಟು ಬೇರೆ ಮುಟ್ಟಿಲ್ಲ. ಟ್ಯಾಂಕು, ಹಡಗು, ವಿಮಾನ ಎಲ್ಲ ನಿಂತಿವೆ. ಅಂಟಿನ ದೋಷ ಅಂತ ನನಗೆ ಅನ್ನಿಸುತ್ತಿಲ್ಲ ಸರ್. ರೆಸಿನ್ ತೊಳೆದಿದ್ರಾ?

ಮಾರುತ್_ಮೈಸೂರು

ತೊಳೆಯಬೇಕಾ? ಪ್ಯಾಕೆಟ್‌ನಿಂದ ತೆಗೆದು ಹಾಗೇ ಕೂಡಿಸಿದ್ದೇನೆ.

ಹಳೇ_ಕಿಟ್

ಅಲ್ಲೇ ಇದೆ ಮೊದಲನೇ ಕಾರಣ. ರೆಸಿನ್ ಭಾಗಗಳನ್ನು ರಬ್ಬರ್ ಅಚ್ಚಿನಲ್ಲಿ ಎರೆಯುತ್ತಾರೆ. ಅಚ್ಚಿನಿಂದ ಸಲೀಸಾಗಿ ಬಿಟ್ಟುಕೊಳ್ಳಲಿ ಅಂತ ಒಂದು ಜಿಡ್ಡು ಸವರಿರುತ್ತಾರೆ. ಅದು ಕಣ್ಣಿಗೆ ಕಾಣೋದಿಲ್ಲ, ಆದರೆ ಅದರ ಮೇಲೆ ಅಂಟೂ ನಿಲ್ಲೋದಿಲ್ಲ, ಬಣ್ಣವೂ ನಿಲ್ಲೋದಿಲ್ಲ. ಪಾತ್ರೆ ತೊಳೆಯುವ ವಿಮ್ ಲಿಕ್ವಿಡ್ ಎರಡು ಹನಿ ಉಗುರುಬೆಚ್ಚಗಿನ ನೀರಿಗೆ ಹಾಕಿ, ಹಳೇ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಒಣಗಿಸಿ. ಬಿಸಿ ನೀರು ಬೇಡ, ತೆಳ್ಳಗಿನ ಭಾಗಗಳು ಬಾಗಿಬಿಡುತ್ತವೆ. ಈಗಾಗಲೇ ಕೂಡಿಸಿರುವ ಕಡೆ, ಅಂಟು ಬೀಳುವ ಜಾಗವನ್ನಾದರೂ 400ರ ಸ್ಯಾಂಡ್ ಪೇಪರ್‌ನಿಂದ ಕೆರೆದು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ರೆಸಿನ್ ಕೆರೆಯುವಾಗ ನೀರು ಹಾಕಿಕೊಂಡೇ ಕೆರೆಯಿರಿ, ಮಾಸ್ಕ್ ಇರಲಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. 'ಯಾವ ಕಂಪನಿ' ಅನ್ನೋದನ್ನು ಪಕ್ಕಕ್ಕಿಡಿ. ಸೂಪರ್ ಗ್ಲೂ ಅಂತ ಮಾರುವುದೆಲ್ಲ ಸಯನೋಆಕ್ರಿಲೇಟ್ (ಚಿಕ್ಕದಾಗಿ ಸಿಎ), ಅದರಲ್ಲೂ ಹೆಚ್ಚಿನದು ಈಥೈಲ್ ಬಗೆಯದೇ. ನಮ್ಮ ಕೆಲಸಕ್ಕೆ ವ್ಯತ್ಯಾಸ ಬರುವುದು ಅದು ಎಷ್ಟು ತೆಳು, ಎಷ್ಟು ಮಂದ ಅನ್ನೋದರಲ್ಲಿ. ಅದನ್ನು ಸೆಂಟಿಪಾಯ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ನೀರಿಗೆ 1. ತೆಳು ಸಿಎ 5ರ ಆಸುಪಾಸು, ಮಧ್ಯಮ 100ರ ಹತ್ತಿರ, ಮಂದ 1000ದ ಮೇಲೆ. ಅಡುಗೆಮನೆ ಲೆಕ್ಕದಲ್ಲಿ ಹೇಳಬೇಕಂದ್ರೆ ಮೊದಲನೆಯದು ನೀರು, ಎರಡನೆಯದು ಕಡಲೆಕಾಯಿ ಎಣ್ಣೆಗಿಂತ ಸ್ವಲ್ಪ ಮಂದ, ಮೂರನೆಯದು ಹರಳೆಣ್ಣೆ.

ತೆಳುವಾದದ್ದು ಸಂದಿನೊಳಗೆ ತಾನೇ ಹರಿದು ಹೋಗುತ್ತದೆ. ಎರಡು ಭಾಗಗಳನ್ನು ಒಣಗಿದ್ದಾಗಲೇ ಒತ್ತಿ ಹಿಡಿದು, ಸಂದಿನ ಬಾಯಿಗೆ ಮುಟ್ಟಿಸಿದರೆ ಸಾಕು. ಎರಡು ಮೂರು ಸೆಕೆಂಡಿಗೆ ಹಿಡಿಯುತ್ತದೆ. ಆದರೆ ಎರಡೂ ಮೈ ಪೂರ್ತಿ ತಾಗಿರಬೇಕು. ನಡುವೆ ಕೂದಲೆಳೆ ಸಂದಿದ್ದರೂ ಅದು ತುಂಬೋದಿಲ್ಲ, ಹರಿದು ಆಚೆ ಹೋಗುತ್ತದೆ. ಮಂದವಾದದ್ದು ಇಟ್ಟ ಕಡೆ ಕೂರುತ್ತದೆ, ಸಂದು ತುಂಬುತ್ತದೆ, ಸರಿಮಾಡಿಕೊಳ್ಳೋಕೆ ಇಪ್ಪತ್ತು ಮೂವತ್ತು ಸೆಕೆಂಡ್ ಕೊಡುತ್ತದೆ. ಕಾಲು ನೆಟ್ಟಗಿದೆಯಾ ಅಂತ ಮುಂದಿನಿಂದ, ಪಕ್ಕದಿಂದ ನೋಡಿ ತಿದ್ದೋಕೆ ಆ ಸಮಯ ಬೇಕೇ ಬೇಕು.

ನಿಮ್ಮ ಕಾಲು ಕಳಚಿದ್ದು ಯಾಕೆ ಅಂದ್ರೆ, ಎರಕದ ಲೋಹದ ಗೂಟ ರೆಸಿನ್ ತೂತಿನಲ್ಲಿ ಸಡಿಲವಾಗಿರುತ್ತದೆ. ಫೆವಿಕ್ವಿಕ್ ತೆಳು. ತೂತಿನ ತಳಕ್ಕೆ ಇಳಿದುಹೋಯಿತು, ಗೂಟದ ಸುತ್ತ ಏನೂ ಉಳಿಯಲಿಲ್ಲ. ಜೊತೆಗೆ ಜಿಡ್ಡು. ಜಾಸ್ತಿ ಹಾಕಿದ್ದರಿಂದ ಉಪಯೋಗವೂ ಆಗಲ್ಲ. ಈ ಅಂಟು ತೆಳು ಪದರವಾಗಿದ್ದಾಗಲೇ ಬಲ. ದಪ್ಪ ಹನಿ ಹೊರಗೆ ಮಾತ್ರ ಗಟ್ಟಿಯಾಗಿ ಒಳಗೆ ಹಸಿಯಾಗೇ ಇರುತ್ತದೆ.

ಐದ್ರೂಪಾಯಿ_ಟ್ಯೂಬ್

ಒಪ್ಪಿದೆ. ಆದರೆ ನನ್ನ ಟ್ಯೂಬ್ ಪರವಾಗಿ ಒಂದು ಮಾತು. ಅದು ಯಾವಾಗಲೂ ತಾಜಾ. ಒಂದು ಕೆಲಸಕ್ಕೆ ಒಡೆಯುತ್ತೇನೆ, ಮುಗಿದರೆ ಎಸೆಯುತ್ತೇನೆ. 20 ಗ್ರಾಂ ಬಾಟಲಿ ತಗೊಂಡವರು ಮೂರನೇ ತಿಂಗಳಿಂದ ಕೆಟ್ಟ ಅಂಟಿನ ಜೊತೆ ಗುದ್ದಾಡುತ್ತಿರುತ್ತಾರೆ. ಮಾರುತ್ ಸರ್‌ಗೆ ಬಂದಿರುವ ದುಬಾರಿ ಬಾಟಲಿ ನೋಡಿ, ಬರುವಾಗಲೇ ಹಳತಾಗಿದೆ.

ಹಳೇ_ಕಿಟ್

ಇದು ತುಂಬಾ ಸರಿಯಾದ ಮಾತು. ತೆಳು ಅಂಟು ಬೇಕಾದ ಕಡೆ ನಾನೂ ಐದು ರೂಪಾಯಿಯದ್ದನ್ನೇ ಬಳಸುತ್ತೇನೆ. ಅದರ ಮೂತಿಯಿಂದ ನೇರ ಹಾಕೋದಿಲ್ಲ, ಅಷ್ಟೇ. ಮಂದದ್ದಕ್ಕೆ ಬೇರೆ ಬಾಟಲಿ ಬೇಕು. ಬಾಬ್ ಸ್ಮಿತ್‌ನವರ ಮ್ಯಾಕ್ಸಿ-ಕ್ಯೂರ್ ಸಿಕ್ಕರೆ ಒಳ್ಳೆಯದು. ಝ್ಯಾಪ್ ಕಂಪನಿಯದರಲ್ಲಿ ಪಿಂಕ್ ತೆಳು, ಹಸಿರು ಮಧ್ಯಮ. ಹಾಬಿ ಅಂಗಡಿ ಹತ್ತಿರವಿಲ್ಲ ಅಂದ್ರೆ ಕೈಗಾರಿಕೆಗೆ ಅಂಟು ಮಾರುವವರ ಹತ್ತಿರ ಲಾಕ್‌ಟೈಟ್ 401 ಕೇಳಿ, ಅದು ಮಧ್ಯಮ. 454 ಜೆಲ್, ತಲೆಕೆಳಗೆ ಮಾಡಿದರೂ ಇಳಿಯಲ್ಲ. ಯಾವುದೇ ಇರಲಿ, ಚಿಕ್ಕ ಬಾಟಲಿ ತಗೊಳ್ಳಿ. ತಯಾರಾದ ತಾರೀಖು ನೋಡಿ. ತೆರೆದ ದಿನ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆಯಿರಿ. ನಿಮ್ಮ ಎಳೆ ಎಳೆ ಬಾಟಲಿಯನ್ನು ಈ ಮಾಡೆಲ್ ಹತ್ತಿರ ತರಲೇಬೇಡಿ.

ಹೊಸಬ_ಹಾಸನ

ನನ್ನದು ಚಿಕ್ಕ ಪ್ರಶ್ನೆ. ತಮಿಯಾ ಎಕ್ಸ್‌ಟ್ರಾ ಥಿನ್ ಹಸಿರು ಮುಚ್ಚಳದ್ದು ನನ್ನ ಹತ್ತಿರ ಇದೆ. ಅದು ರೆಸಿನ್‌ಗೆ ಆಗಲ್ವಾ?

ಹಳೇ_ಕಿಟ್

ಆಗಲ್ಲ. ಅದು ಅಂಟಲ್ಲ, ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸುವ ದ್ರಾವಕ. ಎರಡೂ ಕಡೆ ಕರಗಿ ಒಂದಾಗುತ್ತವೆ, ಬೆಸುಗೆ ಹಾಕಿದ ಹಾಗೆ. ರೆಸಿನ್ ಅದರಲ್ಲಿ ಕರಗೋದಿಲ್ಲ, ಹಿತ್ತಾಳೆಯೂ ಇಲ್ಲ. ಅದೇ ಕಾರಣಕ್ಕೆ ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಕೂಡಿಸುವಾಗ ಸೂಪರ್ ಗ್ಲೂ ತರಬೇಡಿ. ಬೆಸುಗೆಯಾಗುವ ಕಡೆ ಬರೀ ಅಂಟಿಸಿ ಯಾಕೆ ಬಿಡಬೇಕು, ಅಲ್ವಾ?

ಮೇಷ್ಟ್ರು_ದಾವಣಗೆರೆ

ರಸಾಯನಶಾಸ್ತ್ರ ಪಾಠ ಮಾಡುವವನು, ಅದಕ್ಕೇ ಸ್ವಲ್ಪ ಒಳಗಿನ ವಿಷಯ ಹೇಳುತ್ತೇನೆ. ಇದು ಗೊತ್ತಿದ್ದರೆ ಅರ್ಧ ತೊಂದರೆಗೆ ಉತ್ತರ ನಿಮಗೇ ಹೊಳೆಯುತ್ತದೆ.

ಫೆವಿಕಾಲ್ ನೀರು ಆರಿ ಗಟ್ಟಿಯಾಗುತ್ತದೆ. ಸೂಪರ್ ಗ್ಲೂ ಅದಕ್ಕೆ ತದ್ವಿರುದ್ಧ, ನೀರು ಸಿಕ್ಕಿ ಗಟ್ಟಿಯಾಗುತ್ತದೆ. ಬಾಟಲಿಯಲ್ಲಿರುವುದು ಬಿಡಿ ಬಿಡಿ ಅಣುಗಳು. ಎಲ್ಲ ವಸ್ತುವಿನ ಮೈಮೇಲೂ ಗಾಳಿಯ ತೇವ ತೆಳ್ಳಗೆ ಕೂತಿರುತ್ತದೆ. ಅದು ತಾಗಿದ ಕೂಡಲೇ ಒಂದು ಅಣು ಇನ್ನೊಂದರ ಕೈಹಿಡಿದು ಸರಪಳಿ ಕಟ್ಟುತ್ತಾ ಹೋಗುತ್ತದೆ. ಬಾಟಲಿಯಲ್ಲಿ ಹಾಗಾಗದಿರಲಿ ಅಂತ ಚೂರು ಆಮ್ಲ ಬೆರೆಸಿರುತ್ತಾರೆ. ಕ್ಷಾರ ಸಿಕ್ಕರೆ ಸರಪಳಿ ಓಡುತ್ತದೆ, ಆಮ್ಲ ಸಿಕ್ಕರೆ ತಡವರಿಸುತ್ತದೆ. ಅಡುಗೆ ಸೋಡಾ ಉದುರಿಸಿದರೆ ತಟ್ಟನೆ ಕಲ್ಲಾಗುವುದು ಅದಕ್ಕೇ, ಸೋಡಾ ಕ್ಷಾರ. ಕೆಲವು ಮರಗಳ ಮೇಲೆ ನಿಧಾನವಾಗುವುದೂ ಅದಕ್ಕೇ, ಮರಕ್ಕೆ ಹುಳಿ ಗುಣ ಇರುತ್ತದೆ.

ನಮ್ಮಲ್ಲಿ ಏಪ್ರಿಲ್ ಬಿಸಿಲಿಗೆ ಗಾಳಿ ಒಣಗಿದಾಗ ಅಂಟು ಹಿಡಿಯೋಕೆ ತಡವಾಗುತ್ತದೆ. ಆಗ ಭಾಗದ ಮೇಲೆ ಒಮ್ಮೆ ಬಾಯಿಂದ 'ಹಾ' ಅಂತ ಬಿಸಿಯುಸಿರು ಬಿಟ್ಟು ಅಂಟಿಸಿ. ಕನ್ನಡಕ ಒರೆಸುವಾಗ ಬಿಡುತ್ತೀವಲ್ಲ, ಹಾಗೆ. ಆ ತೇವ ಸಾಕು.

ಇದು ಹುಟ್ಟಿದ ಕಥೆಯೂ ಅಂಟಿನ ಗುಣಕ್ಕೆ ತಕ್ಕ ಹಾಗಿದೆ. 1942ರಲ್ಲಿ, ಯುದ್ಧದ ಸಮಯ, ಅಮೆರಿಕದ ಈಸ್ಟ್‌ಮನ್ ಕೊಡಾಕ್‌ನಲ್ಲಿ ಹ್ಯಾರಿ ಕೂವರ್ ಅವರ ತಂಡ ಬಂದೂಕಿನ ಗುರಿನೋಟಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿತ್ತು. ಈ ವಸ್ತು ಮುಟ್ಟಿದ್ದಕ್ಕೆಲ್ಲ ಅಂಟಿಕೊಂಡಿತು, ಬೇಡ ಅಂತ ಬಿಟ್ಟರು. 1951ರಲ್ಲಿ ಅವರ ಜೊತೆಗಿದ್ದ ಫ್ರೆಡ್ ಜಾಯ್ನರ್ ಇದನ್ನು ವಕ್ರೀಭವನ ಅಳೆಯುವ ಉಪಕರಣದ ಎರಡು ಗಾಜಿನ ಪಟ್ಟಕಗಳ ನಡುವೆ ಸವರಿದರು. ಗಾಜುಗಳು ಬಿಡಿಸಿಕೊಳ್ಳಲೇ ಇಲ್ಲ. ಆಗ ಕೂವರ್‌ಗೆ ಹೊಳೆಯಿತು, ಹುಡುಕದೇ ಇದ್ದದ್ದು ಕೈಗೆ ಸಿಕ್ಕಿದೆ ಅಂತ. 1958ರಲ್ಲಿ ಈಸ್ಟ್‌ಮನ್ 910 ಅನ್ನೋ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಆರ್ಕಿ_ಮಂಗಳೂರು

ಮೇಷ್ಟ್ರೇ, ಮಳೆಗಾಲದಲ್ಲಿ ನಮ್ಮ ಹಾಸ್ಟೆಲ್‌ನಲ್ಲಿ ಇದರ ಉಲ್ಟಾ ಆಗುತ್ತೆ. ನಾನು ಆರ್ಕಿಟೆಕ್ಚರ್ ಮೂರನೇ ವರ್ಷ. ಜೂನ್‌ನಲ್ಲಿ ಒಡೆದ ಅಂಟು ಜುಲೈ ಹೊತ್ತಿಗೆ ಮೂತಿಯಲ್ಲೇ ಕಲ್ಲು. ಭಾಗ ಸರಿಯಾಗಿ ಕೂರಿಸುವ ಮೊದಲೇ ಹಿಡಿದುಬಿಡುತ್ತೆ. ಇನ್ನೊಂದು, ಕಟ್ಟಡದ ಮಾಡೆಲ್‌ಗೆ ಗುಡ್ಡ ಮಾಡೋಕೆ ಥರ್ಮೋಕೋಲ್ ಪದರಗಳನ್ನು ಇದರಲ್ಲಿ ಅಂಟಿಸಿದೆ. ಹನಿ ಬಿದ್ದ ಕಡೆಯೆಲ್ಲ ಗುಳಿ ಬಿದ್ದು ಒಳಗೆ ಟೊಳ್ಳಾಯಿತು. ಬೆಳಿಗ್ಗೆ ಜ್ಯೂರಿ, ಅಂದ್ರೆ ಮಾಡೆಲ್ ತೋರಿಸುವ ಪರೀಕ್ಷೆ, ಇತ್ತು. ರಾತ್ರಿಯಿಡೀ ಮತ್ತೆ ಕತ್ತರಿಸಿದೆ.

ಬಾಲ್ಸಾ_ರೆಕ್ಕೆ

ಥರ್ಮೋಕೋಲ್‌ಗೆ ಮಾಮೂಲಿ ಸಿಎ ಹಾಕಲೇಬಾರದು ತಂಗಿ, ಅದು ತಿಂದುಬಿಡುತ್ತದೆ. ಹಾರುವ ಮಾಡೆಲ್ ಮಾಡುವ ನಾವು ಫೋಮ್‌ಗೆ ಅಂತಲೇ ಬರುವ ವಾಸನೆ ಇಲ್ಲದ ಸಿಎ ಬಳಸುತ್ತೇವೆ. ಅದು ದುಬಾರಿ, ನಿಧಾನ. ನಿನ್ನ ಗುಡ್ಡಕ್ಕೆ ಅದೆಲ್ಲ ಬೇಡ. ಫೆವಿಕಾಲ್ ತೆಳ್ಳಗೆ ಸವರಿ, ಮೇಲೆ ಪುಸ್ತಕ ಹೇರಿ, ಒಂದು ರಾತ್ರಿ ಬಿಡು.

ಬಾಲ್ಸಾ ಅನ್ನೋ ಹಗುರ ಮರಕ್ಕಂತೂ ತೆಳು ಸಿಎ ವರ. ರೆಕ್ಕೆಯ ಪಕ್ಕೆಲುಬುಗಳನ್ನೆಲ್ಲ ಒಣಗಿದ್ದಾಗಲೇ ಜೋಡಿಸಿ ಪಿನ್ ಚುಚ್ಚಿಟ್ಟುಕೊಳ್ಳುತ್ತೇನೆ. ನೆಟ್ಟಗಿದೆ ಅಂತ ಮನಸ್ಸಿಗೆ ಬಂದ ಮೇಲೆ ಒಂದೊಂದು ಸಂದಿಗೆ ಒಂದೊಂದು ಹನಿ. ಮರ ಅದನ್ನು ಬತ್ತಿ ಎಣ್ಣೆ ಎಳೆದ ಹಾಗೆ ಎಳೆದುಕೊಳ್ಳುತ್ತದೆ. ಹತ್ತು ನಿಮಿಷಕ್ಕೆ ಇಡೀ ರೆಕ್ಕೆ ಒಂದು ಜೀವವಾಗಿರುತ್ತದೆ.

ಹತ್ತಿ ಬಟ್ಟೆ, ಇಯರ್‌ಬಡ್ ಇದರ ಹತ್ತಿರ ತರಬೇಡಿ. ಹತ್ತಿಯ ಮೇಲೆ ಸುರಿದರೆ ತಟ್ಟನೆ ಗಟ್ಟಿಯಾಗಿ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆ ಬರುತ್ತದೆ. ತೊಡೆಯ ಮೇಲೆ ಚೆಲ್ಲಿ ಪ್ಯಾಂಟ್ ಮೂಲಕ ಸುಟ್ಟುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ.

ಮೇಷ್ಟ್ರು_ದಾವಣಗೆರೆ

ಮಂಗಳೂರಿನವರಿಗೆ: ತೆರೆಯದ ಟ್ಯೂಬನ್ನು ಫ್ರಿಜ್‌ನಲ್ಲಿಡಿ. ತೆರೆದದ್ದನ್ನು ಗಟ್ಟಿ ಮುಚ್ಚಳದ ಹಾರ್ಲಿಕ್ಸ್ ಬಾಟಲಿಯಲ್ಲಿ, ತಳಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಹೊರಗೇ ಇಡಿ. ಶೂ ಡಬ್ಬದಲ್ಲಿ ಬರುವ ಪೊಟ್ಟಣ ಆಗುತ್ತದೆ. ಫ್ರಿಜ್‌ನಿಂದ ತೆಗೆದ ತಕ್ಷಣ ಮಾತ್ರ ಮುಚ್ಚಳ ಬಿಚ್ಚಬೇಡಿ. ತಣ್ಣಗಿನ ಬಾಟಲಿಯ ಮೇಲೆ ನೀರು ಕೂರುತ್ತದೆ, ಒಳಗೂ ಹೋಗುತ್ತದೆ. ಒಂದು ಗಂಟೆ ಹೊರಗಿರಲಿ. ಮತ್ತೆ, ಅಕ್ರಿಲಿಕ್ ಹಾಳೆಗೆ ನೀವೆಲ್ಲ ಕ್ಲೋರೋಫಾರ್ಮ್ ಬಳಸುತ್ತೀರಿ ಅಂತ ಗೊತ್ತು. ಕಿಟಕಿ ಮುಚ್ಚಿದ ಹಾಸ್ಟೆಲ್ ಕೋಣೆಯಲ್ಲಿ ದಯವಿಟ್ಟು ಬೇಡ. ಯಕೃತ್ತಿಗೆ ಪೆಟ್ಟು ಕೊಡುವ ವಸ್ತು ಅದು.

ಚಿಮಟ_ಹುಬ್ಬಳ್ಳಿ

ಹಿತ್ತಾಳೆ ಫಲಕದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಅದೇ ನನ್ನ ಇಷ್ಟದ ಕೆಲಸ.

ಮನೆಯಲ್ಲಿರುವ ಹೊಲಿಗೆ ಸೂಜಿ ತಗೊಳ್ಳಿ, ಕಣ್ಣು ದೊಡ್ಡದಿರುವುದು. ಕಣ್ಣಿನ ತುದಿಯನ್ನು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ. ತುಂಡು ಕಣ್ಣಿಗೆ ಸಿಡಿಯದ ಹಾಗೆ ಮೇಲೆ ಬಟ್ಟೆ ಹಿಡಿಯಿರಿ. ಈಗ ಕಣ್ಣು ಎರಡು ಕೊಂಬಿನ ಕವಲಾಗುತ್ತದೆ. ಚೂಪು ತುದಿಯನ್ನು ಪೆನ್ಸಿಲ್ ಹಿಂದಿನ ರಬ್ಬರ್‌ಗೆ ಚುಚ್ಚಿ, ಹಿಡಿ ಆಯಿತು. ಹಾಲಿನ ಪ್ಯಾಕೆಟ್ ತುಂಡಿನ ಮೇಲೆ ಒಂದು ಹನಿ ಅಂಟು ಬಿಡಿ. ಕವಲನ್ನು ಅದರಲ್ಲಿ ಮುಟ್ಟಿಸಿ ಎತ್ತಿದರೆ ಎರಡು ಕೊಂಬಿನ ನಡುವೆ ಸಾಸಿವೆಯ ಕಾಲುಭಾಗದಷ್ಟು ಅಂಟು ನಿಂತಿರುತ್ತದೆ. ಅಷ್ಟೇ ಬೇಕಾಗಿರುವುದು. ಸಂದಿಗೆ ತಾಗಿಸಿದ ಕೂಡಲೇ ತಾನೇ ಇಳಿದುಹೋಗುತ್ತದೆ.

ಫಲಕದ ಹಿಂಭಾಗವನ್ನು 800ರ ಪೇಪರ್ ಮೇಲೆ ನಾಲ್ಕು ಸಲ ಎಳೆಯಿರಿ, ಹೊಳಪು ಹೋಗಲಿ. ಮಧ್ಯಮ ಅಂಟಿನ ಮೂರು ಚುಕ್ಕೆಯನ್ನು ಫಲಕಕ್ಕಲ್ಲ, ರೆಸಿನ್‌ಗೆ ಇಡಿ. ಅಂಚಿನಿಂದ ದೂರ ಇರಲಿ. ಆಮೇಲೆ ಫಲಕ ಕೂರಿಸಿ, ಚಿಮಟದ ಹಿಂಬದಿಯಿಂದ ಒತ್ತಿ. ತೆಳು ಅಂಟು ಹಾಕಿದ್ದರಿಂದಲೇ ನಿಮ್ಮ ಡಯಲ್‌ಗಳು ಮುಚ್ಚಿದ್ದು, ಅದು ಅಂಚು ಸಿಕ್ಕಿದ ಕಡೆ ಮೇಲಕ್ಕೇರುತ್ತದೆ.

ಈಗಿರುವ ಫಲಕ ಬಿಡಿಸಿಕೊಂಡರೆ ಒಂದು ರಾತ್ರಿ ಅಸಿಟೋನ್‌ನಲ್ಲಿ ಮುಚ್ಚಿಡಿ. ಹಳೇ ಅಂಟು ಮೆತ್ತಗಾಗಿ ಬ್ರಷ್‌ಗೆ ಬರುತ್ತದೆ. ಬಣ್ಣ ಹಚ್ಚಿದ್ದರೆ ಅದೂ ಹೋಗುತ್ತದೆ. ಲೋಹದ ಕಾಲನ್ನೂ ಹಾಗೇ ತೊಳೆಯಬಹುದು. ಆದರೆ ಪ್ಲಾಸ್ಟಿಕ್ ಕಿಟ್‌ನ ಹತ್ತಿರ ಅಸಿಟೋನ್ ತರಬೇಡಿ, ಪಾಲಿಸ್ಟೈರೀನ್ ಕರಗಿ ಹೋಗುತ್ತದೆ.

ಮಾರುತ್_ಮೈಸೂರು

ಇಷ್ಟೊಂದು ಜನ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಓದಿ ಮನಸ್ಸು ತುಂಬಿತು. ಇವತ್ತು ರೆಕ್ಕೆ, ಬಾಲ ಎಲ್ಲ ತೊಳೆದೆ. ನೀರಿನ ಮೇಲೆ ಜಿಡ್ಡು ತೇಲಿದ್ದು ಕಣ್ಣಿಗೇ ಕಂಡಿತು.

ಒಂದು ಹೇಳೋದು ಮರೆತಿದ್ದೆ. ಮೂರು ಚಕ್ರದ ಮೇಲೆ ನಿಲ್ಲಬೇಕಲ್ಲ, ಬಾಲದ ಮೇಲೆ ಕೂರದಿರಲಿ ಅಂತ ಮೂತಿಯೊಳಗೆ ಮೀನು ಗಾಳದ ಸೀಸದ ಗುಂಡುಗಳನ್ನು ಫೆವಿಕಾಲ್‌ನಲ್ಲಿ ಅಂಟಿಸಿದ್ದೇನೆ. ಅದಕ್ಕೇನೂ ತೊಂದರೆ ಇಲ್ಲ ತಾನೇ?

ಹಳೇ_ಕಿಟ್

ತೊಂದರೆ ಇದೆ. ಈಗಲೇ ಹೇಳಿದ್ದು ಒಳ್ಳೆಯದಾಯಿತು. ಸೀಸ ಮತ್ತು ಫೆವಿಕಾಲ್‌ನಂಥ ಬಿಳಿ ಅಂಟು ಒಟ್ಟಿಗೆ ಮುಚ್ಚಿದ ಜಾಗದಲ್ಲಿದ್ದರೆ ವರ್ಷಗಳು ಕಳೆದ ಹಾಗೆ ಸೀಸದ ಮೇಲೆ ಬಿಳಿ ಪುಡಿ ಬೆಳೆಯುತ್ತದೆ, ಉಬ್ಬುತ್ತದೆ. ರೈಲು ಮಾಡೆಲ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಎಂಜಿನ್‌ಗಳ ಮೈ ಸೀಳಿಕೊಂಡು ಹೋಗಿವೆ. ಮುಂದಿನ ಚಕ್ರದ ಗೂಡಿನಿಂದ ತೂತು ಮಾಡಿ ಗುಂಡುಗಳನ್ನು ಹೊರಗೆ ತೆಗೆಯಿರಿ. ಬಿಳಿ ಅಂಟು ಉಗುರುಬೆಚ್ಚಗಿನ ನೀರಿಗೆ ಮೆತ್ತಗಾಗುತ್ತದೆ. ಒಣಗಿಸಿ, ಮತ್ತೆ ಅರಾಲ್ಡೈಟ್‌ನಲ್ಲಿ (ಎರಡು ಟ್ಯೂಬ್ ಕಲಸುವ ಎಪಾಕ್ಸಿ ಅಂಟು) ಕೂರಿಸಿ. ಸೀಸ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯಿರಿ.

ಅರಾಲ್ಡೈಟ್ ತಂದಾಗ ಚಕ್ರದ ಕಾಲಿಗೂ ಅದನ್ನೇ ಯೋಚಿಸಿ. ನನ್ನ ಅಭಿಪ್ರಾಯ ಕೇಳಿದರೆ ಭಾರ ಹೊರುವ ಭಾಗಕ್ಕೆ ಸೂಪರ್ ಗ್ಲೂ ಒಂದನ್ನೇ ನಂಬಬಾರದು. ನೇರ ಎಳೆದರೆ ಅದು ಗಟ್ಟಿ, ಪಕ್ಕದಿಂದ ತಟ್ಟಿದರೆ ಗಾಜಿನ ಹಾಗೆ ಬಿಟ್ಟುಕೊಳ್ಳುತ್ತದೆ. ಚಕ್ರದ ಕಾಲಿಗೆ ಬೀಳೋದು ಪಕ್ಕದ ಪೆಟ್ಟೇ. 0.8 ಮಿಲಿಮೀಟರ್ ಡ್ರಿಲ್‌ನಿಂದ ಕಾಲಿನ ತಲೆಗೂ ರೆಕ್ಕೆಗೂ ತೂತು ಮಾಡಿ, ನಡುವೆ ಹಿತ್ತಾಳೆ ತಂತಿ ಹಾಕಿ. ಆಗ ಭಾರ ತಂತಿಯ ಮೇಲೆ, ಅಂಟು ಅದನ್ನು ಹಿಡಿದುಕೊಂಡಿರುತ್ತದೆ ಅಷ್ಟೇ.

ಮ್ಯೂನಿಕ್_ಕನ್ನಡಿಗ

ಮಾರುತ್ ಅಂತ ಕಂಡ ಕೂಡಲೇ ನಿಂತೆ. ಇಲ್ಲಿ ಮ್ಯೂನಿಕ್ ಪಕ್ಕದ ಓಬರ್‌ಶ್ಲೈಸ್‌ಹೈಮ್‌ನಲ್ಲಿ ಡಾಯ್ಚಸ್ ಮ್ಯೂಸಿಯಂನ ವಿಮಾನ ಸಂಗ್ರಹಾಲಯ ಇದೆ. ಅದರೊಳಗೆ ನಮ್ಮ ಮಾರುತ್ ಒಂದು ನಿಂತಿದೆ. ಜರ್ಮನಿಯ ಎಂಜಿನಿಯರ್ ಕುರ್ಟ್ ಟಾಂಕ್ ವಿನ್ಯಾಸ ಮಾಡಿದ್ದಲ್ಲವೇ, ಅವರು 1956ರಲ್ಲಿ ಬೆಂಗಳೂರಿಗೆ ಬಂದವರು. 1961ರ ಜೂನ್ 17ರಂದು ಅದು ಮೊದಲ ಸಲ ಹಾರಿದ್ದು. ಮೊದಲ ಸಲ ಅದನ್ನು ಇಲ್ಲಿ ನೋಡಿದಾಗ ಸುಮಾರು ಹೊತ್ತು ಅದರ ಹತ್ತಿರವೇ ನಿಂತಿದ್ದೆ. ಈ ಭಾನುವಾರ ಹೋಗಿ ಚಕ್ರದ ಕಾಲು, ಅದರ ಗೂಡಿನ ಬಣ್ಣ ಎಲ್ಲ ಹತ್ತಿರದಿಂದ ಫೋಟೋ ತೆಗೆದು ಕಳಿಸುತ್ತೇನೆ.

ಅಂಟಿನ ವಿಷಯಕ್ಕೆ: ಪೆಟ್ಟು ತಡೆಯುವ ಸಿಎ ಕೂಡ ಇದೆ. ರಬ್ಬರ್ ಬೆರೆಸಿರುತ್ತಾರೆ, ಬಣ್ಣ ಕಪ್ಪು. ಲಾಕ್‌ಟೈಟ್ 480 ಆ ಬಗೆಯದು. ಹಿಡಿಯೋಕೆ ಜಾಸ್ತಿ ಹೊತ್ತು ಬೇಕು, ಆದರೆ ಬಿದ್ದರೂ ಚಟ್ಟನೆ ಬಿಡೋದಿಲ್ಲ. ಕಪ್ಪಾಗಿರೋದರಿಂದ ಸಂದಿಗೆ ತುಂಬಿದಾಗ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಅಂತ ಕಣ್ಣಿಗೆ ಕಾಣುತ್ತದೆ. ಚಳಿಗಾಲದಲ್ಲಿ ಇಲ್ಲಿ ಹೀಟರ್ ಹಾಕಿ ಮನೆಯ ಗಾಳಿ ಒಣಗಿಹೋಗುತ್ತದೆ. ದಾವಣಗೆರೆಯ ಏಪ್ರಿಲ್ ಕಥೆಯೇ ನಮ್ಮ ಜನವರಿಯಲ್ಲೂ. ಮೇಷ್ಟ್ರ ಬಿಸಿಯುಸಿರಿನ ಉಪಾಯ ನಿನ್ನೆ ಮಾಡಿ ನೋಡಿದೆ, ಕೆಲಸ ಮಾಡಿತು.

ಐದ್ರೂಪಾಯಿ_ಟ್ಯೂಬ್

ಸಂದು ತುಂಬುವ ಮಾತು ಬಂತಲ್ಲ, ಅದಕ್ಕೆ ಸೇರಿಸುತ್ತೇನೆ. ಅಡುಗೆ ಸೋಡಾ ಬೇಡ. ಕಲ್ಲಿನಷ್ಟು ಗಟ್ಟಿಯಾಗಿ, ಉಜ್ಜುವಾಗ ಅಕ್ಕಪಕ್ಕದ ರೆಸಿನ್ ಸವೆದು ಅದು ಮಾತ್ರ ಎದ್ದು ನಿಲ್ಲುತ್ತದೆ. ಮಧ್ಯಮ ಅಂಟಿಗೆ ಟಾಲ್ಕಂ ಪೌಡರ್ ಕಲಸಿ ತುಂಬಿ. ಒಂದು ಗಂಟೆಯೊಳಗೆ ಉಜ್ಜಿ ಮುಗಿಸಿ. ರಾತ್ರಿ ಬಿಟ್ಟು ಬೆಳಿಗ್ಗೆ ಉಜ್ಜುತ್ತೀನಿ ಅಂದ್ರೆ ಅಷ್ಟು ಹೊತ್ತಿಗೆ ಅದೂ ಗಟ್ಟಿ.

ಆರ್ಕಿ_ಮಂಗಳೂರು

ಮುಚ್ಚಳದ ಮಂಜಿನ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ನಮಗೂ ಅಕ್ರಿಲಿಕ್ ಕಿಟಕಿಗಳಿಗೆ ಇದೇ ಕಾಟ.

ಚಿಮಟ_ಹುಬ್ಬಳ್ಳಿ

ಅದು ಗಾಳಿಯ ತೇವದ ಮಂಜಲ್ಲ, ಅಂಟಿನದೇ ಆವಿ. ಹಿಡಿಯದೇ ಉಳಿದ ಅಂಟು ಆವಿಯಾಗಿ, ಹತ್ತಿರದ ಮೈಮೇಲೆ ಕೂತು ಬಿಳಿ ಪುಡಿಯಾಗುತ್ತದೆ. ಅಂಟು ಜಾಸ್ತಿ ಇದ್ದು, ಜಾಗ ಮುಚ್ಚಿದ್ದು, ಗಾಳಿ ಆಡದಿದ್ದರೆ ಆಯಿತು. ಕಾಕ್‌ಪಿಟ್ ಅಂದ್ರೆ ಸರಿಯಾಗಿ ಅಂಥದ್ದೇ ಜಾಗ. ಮಿಗ್‌ನ ಮುಚ್ಚಳದ ಅಂಚಿಗೆ ನೀವು ಹಾಕಿದ ಅಂಟು ಹೊರಗೆ ಹೋಗೋಕೆ ದಾರಿ ಇಲ್ಲದೆ ಒಳಗೇ ಕೂತಿತು.

ಹಾಗಾಗಿ ಪಾರದರ್ಶಕ ಭಾಗಕ್ಕೆ ಸೂಪರ್ ಗ್ಲೂ ಬೇಡವೇ ಬೇಡ. ಕ್ರಿಸ್ಟಲ್ ಕ್ಲಿಯರ್ ಥರದ ಅಂಟು ಸಿಕ್ಕರೆ ಸರಿ, ಇಲ್ಲದಿದ್ದರೆ ಫೆವಿಕಾಲ್ ಎಂಆರ್. ಹಲ್ಲುಕಡ್ಡಿಯಲ್ಲಿ ಅಂಚಿಗೆ ಸವರಿ, ಕೂರಿಸಿ, ಹೊರಗೆ ಬಂದದ್ದನ್ನು ಒದ್ದೆ ಬ್ರಷ್‌ನಿಂದ ಒರೆಸಿ. ತಪ್ಪಾದರೆ ತೆಗೆದು ಮತ್ತೆ ಕೂರಿಸಬಹುದು. ಇನ್ನೊಂದು ಮುಖ್ಯ ವಿಷಯ: ಫಲಕ, ಕುರ್ಚಿ ಎಲ್ಲ ಸಿಎಯಲ್ಲಿ ಅಂಟಿಸಿದ ದಿನವೇ ಮುಚ್ಚಳ ಹಾಕಬೇಡಿ. ಎರಡು ದಿನ ಬಾಯಿ ತೆರೆದು ಬಿಡಿ, ಫ್ಯಾನ್ ಮೆಲ್ಲಗೆ ಓಡಲಿ.

ಹಳೇ ಮಿಗ್ ಎಸೆದಿಲ್ಲ ತಾನೇ? ಮುಚ್ಚಳ ಬಿಡಿಸೋಕೆ ಬಂದರೆ ಬಿಳಿ ಕೂತ ಕಡೆ ಪಾರದರ್ಶಕ ಹೊಳಪು ವಾರ್ನಿಷ್, ನೀರಿನಲ್ಲಿ ಕರಗುವ ಅಕ್ರಿಲಿಕ್ ಬಗೆಯದು, ಬ್ರಷ್‌ನಲ್ಲಿ ಹಚ್ಚಿ ನೋಡಿ. ಎಷ್ಟೋ ಸಲ ತಿಳಿಯಾಗುತ್ತದೆ.

ನರ್ಸ್_ಅಮ್ಮ_ಶಿವಮೊಗ್ಗ

ನಾನು ಮಾಡೆಲ್ ಕಟ್ಟುವುದಿಲ್ಲ, ಮಗ ಕಟ್ಟುತ್ತಾನೆ, ಅದಕ್ಕೇ ಇಲ್ಲಿ ಓದುತ್ತೇನೆ. ಒಂದು ಮಾತು ಹೇಳಲೇಬೇಕು. ಈ ಚಿಕ್ಕ ಬಾಟಲಿಗಳನ್ನು ಕಣ್ಣಿನ ಡ್ರಾಪ್ಸ್ ಇಡುವ ಕಡೆ ಇಡಬೇಡಿ. ನೋಡೋಕೆ ಒಂದೇ ಥರ. ಕಣ್ಣಿಗೆ ಇದನ್ನೇ ಬಿಟ್ಟುಕೊಂಡವರು ಆಸ್ಪತ್ರೆಗೆ ಬರುತ್ತಾರೆ. ವಯಸ್ಸಾದವರು, ಕನ್ನಡಕ ಇಲ್ಲದೆ ರಾತ್ರಿ ಕೈ ಹಾಕಿದವರು. ಮಾರುತ್ ಅವರ ಮನೆಯಲ್ಲಿ ಹಿರಿಯರಿದ್ದಾರೆ, ನೆನಪಿರಲಿ. ಹಾಗೇನಾದರೂ ಆದರೆ ರೆಪ್ಪೆ ಎಳೆದು ಬಿಡಿಸಬೇಡಿ. ಉಗುರುಬೆಚ್ಚಗಿನ ನೀರಿನಿಂದ ಚೆನ್ನಾಗಿ ತೊಳೆಯುತ್ತಾ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಣ್ಣಿಗೆ, ತುಟಿಗೆ ಅಸಿಟೋನ್ ಯಾವತ್ತೂ ಹಾಕಬಾರದು. ಬೆರಳು ಅಂಟಿದರೆ ಸೋಪಿನ ಬಿಸಿನೀರಲ್ಲಿ ನೆನೆಸಿ, ನಡುವೆ ಪೆನ್ಸಿಲ್ ಉರುಳಿಸುತ್ತಾ ಮೆಲ್ಲಗೆ ಬಿಡಿಸಿ. ಚರ್ಮ ಕೀಳಬೇಡಿ.

ಮಾರುತ್_ಮೈಸೂರು

ಅಮ್ಮಾ, ನೀವು ಬರೆದದ್ದು ಓದಿ ತಕ್ಷಣ ಎದ್ದು ಹೋಗಿ ನೋಡಿದೆ. ಅಪ್ಪನ ಗ್ಲಾಕೋಮಾ ಡ್ರಾಪ್ಸ್ ಇರುವ ಕಪಾಟಿನ ಕೆಳಗಿನ ಗೂಡಲ್ಲೇ ನನ್ನ ಅಂಟುಗಳಿದ್ದವು. ಈಗ ಬೇರೆ ಕೋಣೆಗೆ ಹೋಗಿವೆ. ಕೈಮುಗಿದು ಧನ್ಯವಾದ.

ಮಾರುತ್_ಮೈಸೂರು

ಎರಡು ವಾರ ಆಯಿತು, ಏನಾಯಿತು ಅಂತ ತಿಳಿಸೋಣ ಅಂತ ಬಂದೆ.

ಸೀಸದ ಗುಂಡು ತೆಗೆಯೋದೇ ಎರಡು ಸಂಜೆ ಹಿಡಿಯಿತು. ತೆಗೆದು ಅರಾಲ್ಡೈಟ್‌ನಲ್ಲಿ ಕೂರಿಸಿದೆ. ಫಲಕ ಅಸಿಟೋನ್‌ನಲ್ಲಿ ಹೊಸದರ ಹಾಗಾಯಿತು. ಹುಬ್ಬಳ್ಳಿಯವರು ಹೇಳಿದ ಸೂಜಿ ಮಾಡೋಕೆ ಕೂತಿದ್ದೆ, ನನ್ನ ಪ್ಲೇಯರ್‌ಗೆ ಸೂಜಿ ಜಾರುತ್ತಿತ್ತು. ಅಪ್ಪ ನೋಡುತ್ತಾ ಇದ್ದವರು ಏನು ಮಾಡ್ತಿದ್ದೀಯ ಅಂತ ಕೇಳಿದರು. ಗುಟ್ಟಾಗಿ ಮಾಡಬೇಕು ಅಂದುಕೊಂಡಿದ್ದು ಅಲ್ಲಿಗೆ ಮುಗಿಯಿತು. ಒಳಗೆ ಹೋಗಿ ಅವರ ಹಳೇ ಟೂಲ್ ಡಬ್ಬ ತಂದರು. ಸೂಜಿಯನ್ನು ಚಿಕ್ಕ ವೈಸ್‌ಗೆ ಕಚ್ಚಿಸಿ, ತೆಳ್ಳಗಿನ ಅರದಲ್ಲಿ ಕಣ್ಣಿನ ತುದಿ ಉಜ್ಜಿದರು. ಕೊಂಬು ಎರಡೂ ಸಮ ಬಂದವು. ಸಿಡಿಯುವ ಪ್ರಶ್ನೆಯೇ ಇಲ್ಲ. ಎರಡನೆಯದೊಂದು, ಇನ್ನೂ ಸಣ್ಣದು, ಅವರೇ ಮಾಡಿಟ್ಟರು.

ಚಕ್ರದ ಕಾಲಿನ ತೂತು ಕೊರೆದದ್ದೂ ಅವರೇ. ಕೈ ಸ್ವಲ್ಪ ನಡುಗುತ್ತದೆ, ಆದರೆ ಡ್ರಿಲ್ ಹಿಡಿದಾಗ ಮೊಣಕೈ ಮೇಜಿಗೆ ಊರಿ ಕೂರುತ್ತಾರೆ, ನಡುಕ ನಿಲ್ಲುತ್ತದೆ. 0.8ರ ತಂತಿ, ಸುತ್ತ ಅರಾಲ್ಡೈಟ್. ಮ್ಯೂನಿಕ್‌ನಿಂದ ಬಂದ ಫೋಟೋಗಳನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದರು. ಬಾಗಿಲಿನ ತಗಡಿನ ಒಂದು ರಿವೆಟ್ ಸಾಲು ತೋರಿಸಿ, ಇಲ್ಲಿಗೆ ಕೈ ಹೋಗುತ್ತಿರಲಿಲ್ಲ, ಮಲಗಿ ಕೆಲಸ ಮಾಡಬೇಕಿತ್ತು ಅಂದರು. ಈ ವಿಷಯ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಮುಚ್ಚಳ ನಿನ್ನೆ ಫೆವಿಕಾಲ್ ಎಂಆರ್‌ನಲ್ಲಿ ಕೂರಿಸಿದೆ, ಸಿಎ ಹಾಕಿ ಮೂರು ದಿನ ಬಿಟ್ಟ ಮೇಲೆ. ಸ್ವಚ್ಛವಾಗಿದೆ. ಒಳಗಿನ ಡಯಲ್‌ಗಳು ಕಾಣುತ್ತವೆ.

ಒಂದು ಕಡೆ ಮಾತ್ರ ಇನ್ನೂ ಸರಿಯಾಗಿಲ್ಲ. ಬಲರೆಕ್ಕೆಯ ಬುಡದಲ್ಲಿ ಪೌಡರ್ ಕಲಸಿ ತುಂಬಿದ್ದೆ, ಕರೆಂಟು ಹೋಗಿ ಆ ಸಂಜೆ ಉಜ್ಜೋಕೆ ಆಗಲಿಲ್ಲ. ಈಗ ಪ್ರೈಮರ್ ಹೊಡೆದರೆ ಕೂದಲೆಳೆ ಏರು ಕಾಣುತ್ತಿದೆ. 600ರ ಪೇಪರನ್ನು ಐಸ್‌ಕ್ರೀಂ ಕಡ್ಡಿಗೆ ಅಂಟಿಸಿ ನಿಧಾನಕ್ಕೆ ಉಜ್ಜುತ್ತಿದ್ದೇನೆ. ಸುಲಭದ ದಾರಿ ಇದ್ದರೆ ಹೇಳಿ.

ಹಳೇ_ಕಿಟ್

ಕಡ್ಡಿಯೇ ಸರಿಯಾದ ದಾರಿ. ಬೆರಳಿಂದ ಉಜ್ಜಿದರೆ ರೆಸಿನ್ ಮಾತ್ರ ಸವೆಯುತ್ತದೆ. ಏರಿನ ಎರಡೂ ಪಕ್ಕ ಸೆಲ್ಲೋಟೇಪ್ ಹಚ್ಚಿಕೊಂಡು ಉಜ್ಜಿ, ಟೇಪ್ ಸವೆಯೋಕೆ ಶುರುವಾದ ಕೂಡಲೇ ನಿಲ್ಲಿಸಿ, ಆಮೇಲೆ ಟೇಪ್ ತೆಗೆದು 1000ದಲ್ಲಿ ಒದ್ದೆ ಮಾಡಿ ಮುಗಿಸಿ. ಅಪ್ಪಾವರಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ. ಆ ಅರದಲ್ಲಿ ಉಜ್ಜಿದ ಸೂಜಿಯ ಫೋಟೋ ಹಾಕಿ, ನನಗೂ ಒಂದು ಹಾಗೆ ಮಾಡಿಕೊಳ್ಳಬೇಕು.

ಮಾರುತ್_ಮೈಸೂರು

ಟೇಪ್ ಹಚ್ಚಿ ಉಜ್ಜಿದೆ, ಏರು ಹೋಯಿತು. ಸೂಜಿಯ ಫೋಟೋ ನಾಳೆ ಬೆಳಕಿನಲ್ಲಿ ತೆಗೆದು ಹಾಕುತ್ತೇನೆ. ಪಕ್ಕದಲ್ಲಿರುವ ಹಾರ್ಲಿಕ್ಸ್ ಬಾಟಲಿಯೂ ಅದರಲ್ಲಿ ಕಾಣುತ್ತದೆ. ಒಳಗಿನ ಅಂಟಿನ ಮುಚ್ಚಳದ ಮೇಲೆ ತೆರೆದ ತಾರೀಖು ಅಪ್ಪನೇ ಬರೆದಿದ್ದಾರೆ, ಕೆಳಗೆ ಫ್ಯಾಕ್ಟರಿ ಅಭ್ಯಾಸಕ್ಕೆ ಸಹಿಯನ್ನೂ ಹಾಕಿದ್ದಾರೆ.